ಕಾರ್ಡನ್‌ಡೆನ್‌ನಿಂದ ಐಬ್ರಾಕ್ಸ್, ಐಬ್ರಾಕ್ಸ್‌ನಿಂದ ಕಾರ್ಡನ್‌ಡೆನ್: ಗೋಲ್‌ಕೀಪರ್ ಜಾನ್ ಥಾಮ್ಸನ್ ಹಾದಿಯಲ್ಲಿ ಆರು ದಿನ

ಗ್ಲಾಸ್ಗೋಗೆ ಬರುವ ಫುಟ್‌ಬಾಲ್ ಪ್ರಿಯರಲ್ಲಿ ಜಾನ್ ಥಾಮ್ಸನ್ ಹೆಸರು ಗೊತ್ತಿರುವವರು ಮೊದಲು ಹೋಗುವುದು 1931ರಲ್ಲಿ ಪಂದ್ಯದ ನಡುವೆ ಅವನಿಗೆ ಸಾವಿನ ಪೆಟ್ಟು ಬಿದ್ದ ಐಬ್ರಾಕ್ಸ್ ಮೈದಾನಕ್ಕೇ. ಅಲ್ಲಿಂದ ಶುರು ಮಾಡಿದರೆ ಅವನ ಬದುಕೆಲ್ಲ ಒಂದು ಅಪಘಾತವಾಗಿ ಮಾತ್ರ ಕಾಣುತ್ತದೆ. ಗ್ಲಾಸ್ಗೋದ ಸೆಲ್ಟಿಕ್ ತಂಡದ ಈ ಗೋಲ್‌ಕೀಪರ್ ಬದುಕಿದ್ದು 22 ವರ್ಷ. ಅವನ ಕೊನೆಯ ಸಂಜೆಯ ಕಥೆಯನ್ನು ಸ್ಕಾಟ್ಲೆಂಡಿನಲ್ಲಿ ಮಕ್ಕಳೂ ಹೇಳುತ್ತಾರೆ. ಅದಕ್ಕೂ ಹಿಂದಿನದೆಲ್ಲ ಇರುವುದು ಫೈಫ್ ಸೀಮೆಯ ಕಲ್ಲಿದ್ದಲು ಊರುಗಳಲ್ಲಿ. ಹಾಗಾಗಿ ಈ ಪ್ರವಾಸ ಫೈಫ್‌ನಲ್ಲಿ ಆರಂಭವಾಗಿ, ಗ್ಲಾಸ್ಗೋಗೆ ಹೋಗಿ, ಮತ್ತೆ ಫೈಫ್‌ಗೇ ಮರಳುತ್ತದೆ. ಅವನೂ ಹಾಗೆಯೇ ಮರಳಿದ.

ಸೆಪ್ಟೆಂಬರ್ ಮೊದಲ ವಾರ ಒಳ್ಳೆಯ ಕಾಲ. ರಾತ್ರಿ ಎಂಟರವರೆಗೆ ಬೆಳಕಿರುತ್ತದೆ, ಚಳಿ ಇನ್ನೂ ಕಚ್ಚುವುದಿಲ್ಲ. ಮಳೆ ಯಾವಾಗ ಬೇಕಾದರೂ ಬಂದೀತು, ಆದ್ದರಿಂದ ಕೊಡೆಗಿಂತ ಟೋಪಿ ಇರುವ ಮಳೆಯಂಗಿ ಮೇಲು. ಸಮುದ್ರದ ಗಾಳಿಗೆ ಕೊಡೆ ನಿಲ್ಲದು. ಸೋಮವಾರ ಹೊರಟರೆ ಆರನೇ ದಿನ ಶನಿವಾರಕ್ಕೆ ಬೀಳುತ್ತದೆ. ಭಾನುವಾರ ಸೇರಿಸಿಕೊಂಡರೆ ಕಷ್ಟ: ಅಂದು ರೈಲು ಕಡಿಮೆ, ಗ್ಲಾಸ್ಗೋದ ಸಬ್‌ವೇ, ಅಂದರೆ ನೆಲದಡಿಯ ರೈಲು, ಸಂಜೆ ಆರರ ಸುಮಾರಿಗೇ ನಿಂತುಬಿಡುತ್ತದೆ. ಮೊದಲ ಮೂರು ರಾತ್ರಿ ಎಡಿನ್‌ಬರೋದಲ್ಲಿ, ಮುಂದಿನ ಎರಡು ರಾತ್ರಿ ಗ್ಲಾಸ್ಗೋದಲ್ಲಿ ತಂಗಿದರೆ ಓಡಾಟ ಸಲೀಸು.

ಮೊದಲ ದಿನ: ಕರ್ಕಾಡಿ, ಕಾರ್ಡನ್‌ಡೆನ್

ಎಡಿನ್‌ಬರೋ ವೇವರ್ಲಿ ನಿಲ್ದಾಣದಿಂದ ಉತ್ತರಕ್ಕೆ ಹೋಗುವ ರೈಲು 1890ರ ಫೋರ್ತ್ ಸೇತುವೆ ದಾಟಿ, ಕಡಲಂಚಿನಲ್ಲೇ ಸಾಗಿ ಕರ್ಕಾಡಿ ತಲುಪುತ್ತದೆ. ಸೇತುವೆಯ ಮೇಲೆ ಬಲಗಡೆ ಕಿಟಕಿ ಹಿಡಿದು ಕೂರಬೇಕು. ಊರಿನ ಹೆಸರಿನ ಕಾಗುಣಿತದಲ್ಲಿರುವ 'ಲ' ಬಾಯಿಗೆ ಬರುವುದಿಲ್ಲ. ಸ್ಥಳೀಯರು 'ಕರ್ಕಾಡಿ' ಅನ್ನುತ್ತಾರೆ. ನೆಲಹಾಸಿನ ಲಿನೋಲಿಯಂ ತಯಾರಿಕೆಗೆ ಹೆಸರಾಗಿದ್ದ ಊರು, ಅರ್ಥಶಾಸ್ತ್ರಜ್ಞ ಆ್ಯಡಮ್ ಸ್ಮಿತ್ ಹುಟ್ಟಿದ ಊರು. 1909ರ ಜನವರಿ 28ರಂದು ಜಾನ್ ಹುಟ್ಟಿದ್ದೂ ಇಲ್ಲೇ. ಆದರೆ ಅವನು ಬೆಳೆದ ಜಾಗ ಬೇರೆ. ಕುಟುಂಬ ಒಳನಾಡಿನ ಕಾರ್ಡನ್‌ಡೆನ್‌ಗೆ ಹೋಗಿ ನೆಲೆಸಿತು. ಕರ್ಕಾಡಿಗೆ ಎರಡು ಗಂಟೆ ಕೊಟ್ಟರೆ ಸಾಕು.

ಕಾರ್ಡನ್‌ಡೆನ್ ಫೈಫ್ ಸರ್ಕಲ್ ಎಂಬ ರೈಲು ಮಾರ್ಗದಲ್ಲಿದೆ. ಹೊಸಬರು ತಪ್ಪುವುದು ಇಲ್ಲೇ. ಈ ಮಾರ್ಗ ಸುತ್ತು ಹಾಕುವಂಥದ್ದು. ಒಂದು ಕವಲು ಕರ್ಕಾಡಿ ಕಡೆಯಿಂದ, ಇನ್ನೊಂದು ಡನ್‌ಫರ್ಮ್‌ಲಿನ್ ಕಡೆಯಿಂದ ಹೋಗುತ್ತದೆ. ಕಾರ್ಡನ್‌ಡೆನ್ ಇರುವುದು ಡನ್‌ಫರ್ಮ್‌ಲಿನ್ ಕವಲಿನಲ್ಲಿ. ಹತ್ತುವ ಮುನ್ನ ಫಲಕದ ಮೇಲೆ ಊರಿನ ಹೆಸರು ಓದಿಕೊಳ್ಳಿ. ಕರ್ಕಾಡಿಯಿಂದ ನೇರವಾಗಿ ಹೋಗುವವರಿಗೆ ಬಸ್ಸೇ ವಾಸಿ.

ಈಗ ಒಂದೇ ಊರಿನಂತೆ ಕಾಣುವ ಕಾರ್ಡನ್‌ಡೆನ್ ಆಗ ಆಕ್ಟರ್‌ಡೆರನ್, ಬೋಹಿಲ್, ಡಂಡೊನಾಲ್ಡ್, ಕಾರ್ಡನ್‌ಡೆನ್ ಎಂಬ ಹಳ್ಳಿಗಳ ಗೊಂಚಲು. ಥಾಮ್ಸನ್ ಮನೆಯಿದ್ದದ್ದು ಬಾಲ್‌ಗ್ರೆಗಿ ಪಾರ್ಕ್‌ನಲ್ಲಿ, ಓದಿದ್ದು ಆಕ್ಟರ್‌ಡೆರನ್ ಶಾಲೆಯಲ್ಲಿ. ಮನೆಯವರು 'ಚರ್ಚ್ ಆಫ್ ಕ್ರೈಸ್ಟ್' ಪಂಥದ ಶ್ರದ್ಧಾವಂತ ಪ್ರಾಟೆಸ್ಟಂಟರು. ಐರಿಷ್ ಕ್ಯಾಥೊಲಿಕ್ ವಲಸಿಗರಿಗಾಗಿ ಹುಟ್ಟಿದ ಸೆಲ್ಟಿಕ್‌ಗೆ ಈ ಮನೆಯ ಹುಡುಗ ಹೋದ ಎಂಬುದನ್ನು ಇಲ್ಲಿಂದಲೇ ನೆನಪಿಟ್ಟುಕೊಳ್ಳಬೇಕು. ಮುಂದೆ ಗ್ಲಾಸ್ಗೋದಲ್ಲಿ ಅದು ಬೇಕಾಗುತ್ತದೆ.

14ನೇ ವಯಸ್ಸಿಗೆ ಅವನು ಅಪ್ಪನ ಜತೆ ಬೋಹಿಲ್ ಗಣಿಗೆ ಇಳಿದ. ಸುಮಾರು 300 ಗಜ, ಅಂದರೆ 270 ಮೀಟರಿನಷ್ಟು ಆಳ. ಅವನದು ಕಲ್ಲಿದ್ದಲು ಕಡಿಯುವ ಕೆಲಸವಲ್ಲ. ಟನ್ನಿನ ಲೆಕ್ಕ ಬಿಟ್ಟು ದಿನಗೂಲಿಗೆ ದುಡಿಯುವವರನ್ನು ಅಲ್ಲಿ 'ಆನ್‌ಕಾಸ್ಟ್' ಆಳುಗಳು ಎನ್ನುತ್ತಿದ್ದರು, ಇವನು ಅಂಥವರಲ್ಲೊಬ್ಬ. ಕಲ್ಲಿದ್ದಲು ತುಂಬಿದ ಸಣ್ಣ ಬಂಡಿಗಳನ್ನು ಕ್ಲಿಪ್ ಹಾಕಿ ಸರಪಳಿಗೋ ಹಗ್ಗಕ್ಕೋ ಸಿಕ್ಕಿಸಿ ಎಳೆಸುತ್ತಾರೆ. ಬಂಡಿ ಬಂದು ತಲುಪಿದಾಗ ಆ ಕ್ಲಿಪ್ ಬಿಡಿಸುವುದು ಅವನ ಕೆಲಸ. ನೋಡಲು ಸುಲಭ. ಆದರೆ ಬಂಡಿ ಬರುವ ವೇಗ ಅಳೆದು, ಸರಪಳಿ ಕ್ಷಣಮಾತ್ರ ಸಡಿಲವಾದಾಗ ಕೈ ಹಾಕಿ, ಬೆರಳು ಸಿಕ್ಕಿಕೊಳ್ಳುವ ಮೊದಲೇ ಎಳೆದುಕೊಳ್ಳಬೇಕು. ಅದೂ ದೀಪದ ಮಂದ ಬೆಳಕಿನಲ್ಲಿ, ದಿನಕ್ಕೆ ನೂರಾರು ಸಲ. ಚೆಂಡು ಹಿಡಿಯುವ ಅವನ ಕೈಗಳ ಚುರುಕನ್ನು ಮುಂದೆ ಎಲ್ಲರೂ ಹೊಗಳಿದರು. ಆ ಚುರುಕು ಪಳಗಿದ್ದರಲ್ಲಿ ಈ ಕೆಲಸದ ಪಾಲೂ ಇದ್ದೀತು ಎಂದು ಈ ನೆಲದಲ್ಲಿ ನಿಂತಾಗ ಅನಿಸದೇ ಇರದು.

ಗಣಿ 1965ರಲ್ಲಿ ಮುಚ್ಚಿತು. ಗಣಿಯ ಚಕ್ರಗೋಪುರ ಹುಡುಕಿಕೊಂಡು ಹೋದರೆ ನಿರಾಸೆಯೇ. ನಡೆದು ನೋಡಬೇಕಾದದ್ದು ಶಾಲೆ, ಮನೆ, ಗಣಿ, ಸ್ಮಶಾನ ಇವೆಲ್ಲ ಎಷ್ಟು ಹತ್ತಿರ ಹತ್ತಿರ ಇದ್ದವು ಎಂಬುದನ್ನು. ಸ್ಮಶಾನಕ್ಕೆ ಇವತ್ತು ಹೋಗುವುದು ಬೇಡ. ಕೊನೆಯ ದಿನಕ್ಕಿರಲಿ.

ಎರಡನೇ ದಿನ: ಡೆನ್‌ಬೀತ್, ಮೆಥಿಲ್

2024ರ ಜೂನ್‌ನಲ್ಲಿ ಫೈಫ್ ಕರಾವಳಿಯ ಲೆವೆನ್‌ಗೆ ರೈಲು ಮತ್ತೆ ಓಡತೊಡಗಿತು. ಹಾಗಾಗಿ ಈ ಕರಾವಳಿ ಈಗ ಸುಲಭ. ಲೆವೆನ್‌ನಲ್ಲಿ ಇಳಿದು, ನದಿ ದಾಟಿ, ಮೆಥಿಲ್ ಮೂಲಕ ಡೆನ್‌ಬೀತ್‌ವರೆಗೆ ನಡೆಯಬಹುದು. ಡೆನ್‌ಬೀತ್‌ನಲ್ಲಿ ವೆಲ್ಸ್‌ಲಿ ಗಣಿಯಿತ್ತು. ಬೋಹಿಲ್ ವೆಸ್ಟ್ ಎಂಡ್, ಬೋಹಿಲ್ ರೋವರ್ಸ್ ತಂಡಗಳಿಗೆ ಆಡಿದ ಮೇಲೆ ಜಾನ್ ಸೇರಿದ್ದು ವೆಲ್ಸ್‌ಲಿ ಜೂನಿಯರ್ಸ್ ತಂಡವನ್ನು. ಸ್ಕಾಟ್ಲೆಂಡಿನಲ್ಲಿ 'ಜೂನಿಯರ್' ಎಂದರೆ ಚಿಕ್ಕ ವಯಸ್ಸಿನವರು ಎಂದಲ್ಲ, ಲೀಗ್ ಕ್ಲಬ್ಬುಗಳಿಗಿಂತ ಕೆಳಹಂತದ ಫುಟ್‌ಬಾಲ್ ಎಂದರ್ಥ. ಮೈಕಟ್ಟಿನ ಗಣಿಗಾರರ ನಡುವೆ 17ರ ಹುಡುಗ ಗೋಲಿನಲ್ಲಿ ನಿಲ್ಲುತ್ತಿದ್ದ.

1926ರಲ್ಲಿ ಸೆಲ್ಟಿಕ್‌ನ ಪ್ರತಿಭಾ ಶೋಧಕ ಸ್ಟೀವ್ ಕ್ಯಾಲಹನ್ ಇಲ್ಲಿಗೆ ಬಂದದ್ದು ಎದುರಾಳಿ ಡೆನ್‌ಬೀತ್ ಸ್ಟಾರ್ ತಂಡದ ಗೋಲ್‌ಕೀಪರನ್ನು ನೋಡಲು. ಕಣ್ಣು ನಿಂತದ್ದು ಈಚೆ ತುದಿಯ ಹುಡುಗನ ಮೇಲೆ. 10 ಪೌಂಡಿಗೆ ಒಪ್ಪಂದವಾಯಿತು. ಆ ವರ್ಷವನ್ನು ಗಮನಿಸಬೇಕು. ಮೇ ತಿಂಗಳಲ್ಲಿ ದೇಶವ್ಯಾಪಿ ಮುಷ್ಕರ, ಅದು ಮುಗಿದ ಮೇಲೂ ಗಣಿಗಳ ಬೀಗ ತೆರೆಯಲಿಲ್ಲ. ಫೈಫ್‌ನ ಮನೆಮನೆಗಳಲ್ಲಿ ತಿಂಗಳುಗಟ್ಟಲೆ ಕೂಲಿಯಿಲ್ಲ. ಅಂಥ ಹೊತ್ತಿನಲ್ಲಿ ಚೆಂಡು ಹಿಡಿಯುವುದು ಹೊಟ್ಟೆಪಾಡಿನ ದಾರಿಯಾಗಿ ಬಂತು. ತಾಯಿ ಜೀನ್‌ಗೆ ಮಾತ್ರ ಮಗ 'ಗೋಲಿ', ಅಂದರೆ ಗೋಲ್‌ಕೀಪರ್, ಆಗುವುದು ಬೇಡವಾಗಿತ್ತು. ದೊಡ್ಡ ಏಟು ಬೀಳುತ್ತದೆ ಎಂಬ ಹೆದರಿಕೆ ಆ ತಾಯಿಯನ್ನು ಮೊದಲಿನಿಂದಲೂ ಕಾಡುತ್ತಿತ್ತು.

ಮೆಥಿಲ್‌ನಲ್ಲಿ ಈಸ್ಟ್ ಫೈಫ್ ಕ್ಲಬ್ಬಿನ ಬೇವ್ಯೂ ಮೈದಾನವಿದೆ. ಈಗಿನದು 1998ರದ್ದು, ಹಳೆಯ ಬೇವ್ಯೂ ಬೇರೆ ಕಡೆಯಿತ್ತು. ಜಾನ್ ಆಡಿದ ಮೊದಲ ಸ್ಕಾಟಿಷ್ ಕಪ್ ಫೈನಲ್ 1927ರ ಏಪ್ರಿಲ್ 16ರದ್ದು, ಎದುರಾಳಿ ಇದೇ ಈಸ್ಟ್ ಫೈಫ್. ಎರಡನೇ ಡಿವಿಷನ್ನಿನ ತಂಡ, ಅವನ ಸ್ವಂತ ಸೀಮೆಯ ಜನ. ಸೆಲ್ಟಿಕ್ 3-1ರಿಂದ ಗೆದ್ದಿತು.

ಮೂರನೇ ದಿನ: ಡಂಡಿ

ಇದು ಅರ್ಧ ದಿನದ ಕೆಲಸ. ಟೇ ನದಿಯ ಉದ್ದನೆಯ ಸೇತುವೆ ದಾಟಿ ಡಂಡಿ ನಿಲ್ದಾಣದಲ್ಲಿಳಿದು, ಏರು ರಸ್ತೆ ಹಿಡಿದರೆ ಡೆನ್ಸ್ ಪಾರ್ಕ್. ಡಂಡಿಯ ಎರಡು ಕ್ಲಬ್ಬುಗಳ ಮೈದಾನಗಳು ಒಂದೇ ಬೀದಿಯಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ ಇವೆ. ಇನ್ನೊಂದು ಕ್ಲಬ್ಬಿನ ಮೈದಾನ ಟ್ಯಾನಡೈಸ್ ಕಂಡು ಅದೇ ಡೆನ್ಸ್ ಪಾರ್ಕ್ ಎಂದುಕೊಂಡು ತಿರುಗಿ ಬಂದುಬಿಡಬೇಡಿ. 1927ರ ಫೆಬ್ರುವರಿ 12ರಂದು, 18 ತುಂಬಿ ಹದಿನೈದೇ ದಿನವಾಗಿದ್ದ ಜಾನ್ ಸೆಲ್ಟಿಕ್ ಪರ ಮೊದಲ ಸಲ ನಿಂತದ್ದು ಡೆನ್ಸ್ ಪಾರ್ಕ್‌ನಲ್ಲಿ. ಅಲ್ಲಿಯವರೆಗಿನ ಗೋಲ್‌ಕೀಪರ್ ಪೀಟರ್ ಶೆವ್ಲಿನ್ ಜಾಗಕ್ಕೆ ಬಂದವನು. ಫಲಿತಾಂಶ 2-1, ಸೆಲ್ಟಿಕ್ ಜಯ. ಎರಡು ತಿಂಗಳಲ್ಲಿ ಕಪ್ ಫೈನಲ್ ಗೆದ್ದದ್ದು ನಿನ್ನೆ ಮೆಥಿಲ್‌ನಲ್ಲೇ ಬಂತಲ್ಲ. ಡೆನ್ಸ್ ಪಾರ್ಕ್‌ನ ಮುಖ್ಯ ಸ್ಟ್ಯಾಂಡ್ ಆರ್ಚಿಬಾಲ್ಡ್ ಲೀಚ್ ಎಂಬ ಎಂಜಿನಿಯರ್ ರೂಪಿಸಿದ್ದು. ಆ ಹೆಸರು ಐದನೇ ದಿನ ಮತ್ತೆ ಬರುತ್ತದೆ.

ನಾಲ್ಕನೇ ದಿನ: ಸೆಲ್ಟಿಕ್ ಪಾರ್ಕ್, ಹ್ಯಾಂಪ್ಡನ್

ಬೆಳಗ್ಗೆ ಗ್ಲಾಸ್ಗೋ. ಸೆಂಟ್ರಲ್ ನಿಲ್ದಾಣದಿಂದ ಡಾಲ್‌ಮಾರ್ನಕ್‌ಗೆ ಲೋಕಲ್ ರೈಲು, ಅಲ್ಲಿಂದ ಸೆಲ್ಟಿಕ್ ಪಾರ್ಕ್ ನಡಿಗೆಯ ದೂರ. 1892ರಿಂದ ಕ್ಲಬ್ಬು ಇದೇ ಜಾಗದಲ್ಲಿದೆ. 1897ರಿಂದ 1940ರವರೆಗೆ ವಿಲ್ಲಿ ಮೇಲಿ ಮ್ಯಾನೇಜರ್ ಆಗಿದ್ದರು. ಹುಡುಗನನ್ನು ನಂಬಿ ನಿಲ್ಲಿಸಿದವರು ಅವರೇ. ಅವನ ಮುಂದೆ ಆಡುತ್ತಿದ್ದವರಲ್ಲಿ ಜಿಮ್ಮಿ ಮೆಗ್ರೋರಿಯೂ ಇದ್ದ. 1928ರ ಜನವರಿಯಲ್ಲಿ ಡನ್‌ಫರ್ಮ್‌ಲಿನ್ ಮೇಲೆ ಒಂದೇ ಪಂದ್ಯದಲ್ಲಿ ಎಂಟು ಗೋಲು ಹೊಡೆದವನು ಅವನೇ. ಇಂಥ ತಂಡವಿದ್ದರೂ ಜಾನ್ ಕಾಲದಲ್ಲಿ ಸೆಲ್ಟಿಕ್ ಒಮ್ಮೆಯೂ ಲೀಗ್ ಗೆಲ್ಲಲಿಲ್ಲ. 1927ರಿಂದ 1931ರವರೆಗೆ ಐದೂ ವರ್ಷ ಗೆದ್ದದ್ದು ಅದೇ ನಗರದ ಪ್ರತಿಸ್ಪರ್ಧಿ, ಪ್ರಾಟೆಸ್ಟಂಟರ ಬೆಂಬಲದ ರೇಂಜರ್ಸ್. ಐಬ್ರಾಕ್ಸ್ ಅವರ ಮೈದಾನ. 188 ಪಂದ್ಯ ಆಡಿದವನಿಗೆ ದಕ್ಕಿದ್ದು 1927 ಮತ್ತು 1931ರ ಎರಡು ಸ್ಕಾಟಿಷ್ ಕಪ್ ಪದಕ.

ಮಧ್ಯಾಹ್ನ ಸೆಂಟ್ರಲ್‌ಗೆ ಮರಳಿ, ಮೌಂಟ್ ಫ್ಲಾರಿಡಾದಲ್ಲಿ ಇಳಿದರೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಮೈದಾನ ಹ್ಯಾಂಪ್ಡನ್ ಪಾರ್ಕ್. ಒಳಗೆ ಸ್ಕಾಟಿಷ್ ಫುಟ್‌ಬಾಲ್ ಮ್ಯೂಸಿಯಂ ಇದೆ. ಪಂದ್ಯವೋ ಸಂಗೀತ ಕಾರ್ಯಕ್ರಮವೋ ಇದ್ದ ದಿನ ಒಳಗೆ ಬಿಡುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಬೇಕು. 2008ರಲ್ಲಿ ಜಾನ್‌ನನ್ನು ಸ್ಕಾಟಿಷ್ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು.

ಇಲ್ಲಿ ಆತುರ ಮಾಡಬಾರದು. ನಾಳೆ ಐಬ್ರಾಕ್ಸ್‌ನಲ್ಲಿ ಏನಾಯಿತು ಎಂಬುದನ್ನು ತಿಳಿಯಲು ಬೇಕಾದ ಪಾಠ ಇಲ್ಲಿದೆ. ಆ ಕಾಲದ ಚೆಂಡನ್ನು ನೋಡಿ: ತೊಗಲಿನ ಪಟ್ಟಿಗಳ ಹೊಲಿಗೆ, ಒಳಗೆ ರಬ್ಬರ್ ಚೀಲ, ಮೇಲೆ ದಾರ ಕಟ್ಟಿದ ಬಾಯಿ. ನಿಯಮದ ಪ್ರಕಾರ 13ರಿಂದ 15 ಔನ್ಸ್, ಅಂದರೆ 370ರಿಂದ 425 ಗ್ರಾಂ. ಆದರೆ ಈ ತೂಕ ಪಂದ್ಯ ಶುರುವಾಗುವಾಗಿನದು. ಮಳೆಯಲ್ಲಿ ತೊಗಲು ನೀರು ಕುಡಿದು ಭಾರವಾಗುತ್ತಿತ್ತು, ಜಾರುತ್ತಿತ್ತು. ಈಗಿನಂತೆ ಅಂಟುವ ಕೈಗವಸು ಇರಲಿಲ್ಲ. ಬೂಟು ಕಣಕಾಲು ಮುಚ್ಚುವಂಥದ್ದು, ಗಟ್ಟಿ ಮೂತಿ, ಅಟ್ಟೆಗೆ ಮೊಳೆ ಹೊಡೆದು ಕೂರಿಸಿದ ತೊಗಲಿನ ಗುಬುಟು. ಚೆಂಡು ಹಿಡಿದ ಗೋಲಿಯನ್ನು ಭುಜದಿಂದ ನೂಕುವುದಕ್ಕೆ ನಿಯಮದಲ್ಲೇ ಅವಕಾಶವಿತ್ತು. ಬದಲಿ ಆಟಗಾರ ಎಂಬುದೇ ಇರಲಿಲ್ಲ.

ಇವೆಲ್ಲಕ್ಕಿಂತ ದೊಡ್ಡದು 1925ರ ಆಫ್‌ಸೈಡ್ ತಿದ್ದುಪಡಿ. ಅದನ್ನು ಮುಂದಿಟ್ಟದ್ದು ಸ್ಕಾಟ್ಲೆಂಡಿನ ಫುಟ್‌ಬಾಲ್ ಸಂಸ್ಥೆಯೇ. ಅಲ್ಲಿಯವರೆಗೆ ಮುಂದೆ ನಿಂತ ಆಟಗಾರನಿಗೆ ಚೆಂಡು ಕೊಡಬೇಕಾದರೆ ಅವನಿಗೂ ಗೋಲ್ ಲೈನಿಗೂ ನಡುವೆ ಎದುರಾಳಿಗಳು ಮೂವರು ಇರಬೇಕಿತ್ತು, ಆಮೇಲೆ ಇಬ್ಬರಿದ್ದರೆ ಸಾಕಾಯಿತು. ಗೋಲುಗಳ ಸುರಿಮಳೆ ಶುರುವಾಯಿತು. ಇಂಗ್ಲೆಂಡಿನ ಮೊದಲ ಡಿವಿಷನ್ನಿನಲ್ಲಿ ಒಂದೇ ವರ್ಷದಲ್ಲಿ ಗೋಲುಗಳು 1,192ರಿಂದ 1,703ಕ್ಕೆ ಏರಿದವು. ರಕ್ಷಕರ ಹಿಂದೆ ಚೆಂಡು ಬಿಟ್ಟು ಸೆಂಟರ್ ಫಾರ್ವರ್ಡ್‌ನನ್ನು ಓಡಿಸುವುದು ಎಲ್ಲ ತಂಡಗಳ ಅಸ್ತ್ರವಾಯಿತು. ಓಡಿಬರುವವನ ಎದುರು ಉಳಿಯುತ್ತಿದ್ದವನು ಗೋಲಿ ಒಬ್ಬನೇ. ಲೈನಿನ ಮೇಲೆ ನಿಂತರೆ 24 ಅಡಿ ಅಗಲ, 8 ಅಡಿ ಎತ್ತರದ ಗೋಲು ಪೂರ್ತಿ ತೆರೆದಿರುತ್ತದೆ. ಮುಂದೆ ನುಗ್ಗಿ ಕಾಲಿನ ಬುಡಕ್ಕೇ ಬಿದ್ದರೆ ಹೊಡೆಯುವವನಿಗೆ ಕೋನ ಕಡಿಮೆಯಾಗುತ್ತದೆ. ಜಾನ್ ಎರಡನೆಯ ಬಗೆಯವನು. ಎತ್ತರ ಐದಡಿ ಒಂಬತ್ತಂಗುಲ ಇದ್ದ ಹುಡುಗನಿಗೆ ಧೈರ್ಯ ಮತ್ತು ಸಮಯಪ್ರಜ್ಞೆಯೇ ಬಂಡವಾಳ.

ಅಪಾಯ ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1930ರ ಫೆಬ್ರುವರಿ 5ರಂದು ಏರ್‌ಡ್ರಿ ತಂಡದ ವಿರುದ್ಧ ಹೀಗೇ ಬಿದ್ದು ದವಡೆ ಮುರಿಯಿತು, ಪಕ್ಕೆಲುಬುಗಳು ಮುರಿದವು, ಕೊರಳೆಲುಬಿಗೆ ಪೆಟ್ಟಾಯಿತು, ಎರಡು ಹಲ್ಲು ಹೋದವು. ಮೂರೂವರೆ ತಿಂಗಳಲ್ಲಿ, ಮೇ 18ರಂದು, ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ಕಾಟ್ಲೆಂಡ್ ಪರ ಮೊದಲ ಪಂದ್ಯ ಆಡಿದ. ದೇಶಕ್ಕಾಗಿ ಆಡಿದ ನಾಲ್ಕು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಂದೇ ಗೋಲು, ಅದು ವೇಲ್ಸ್‌ಗೆ. ಕೊನೆಯದು ಇದೇ ಹ್ಯಾಂಪ್ಡನ್‌ನಲ್ಲಿ, 1931ರ ಮಾರ್ಚ್ 28. ಲಕ್ಷಕ್ಕೂ ಮೀರಿದ ಜನರ ಎದುರು ಇಂಗ್ಲೆಂಡ್ ವಿರುದ್ಧ 2-0.

ಹ್ಯಾಂಪ್ಡನ್‌ನ ಇನ್ನೊಂದು ದಿನವನ್ನೂ ಇಲ್ಲೇ ನೆನೆಯಬೇಕು. 1928ರ ಕಪ್ ಫೈನಲ್‌ನಲ್ಲಿ ರೇಂಜರ್ಸ್ ನಾಯಕ ಡೇವಿ ಮೀಕಲ್‌ಜಾನ್ ಪೆನಾಲ್ಟಿಯನ್ನು ಜಾನ್‌ನನ್ನು ದಾಟಿಸಿ ಗೋಲಾಗಿಸಿದ. 1903ರ ನಂತರ ಮೊದಲ ಬಾರಿಗೆ ರೇಂಜರ್ಸ್ ಆ ಕಪ್ ಎತ್ತಿತು. ಮೀಕಲ್‌ಜಾನ್ ಹೆಸರು ಮನಸ್ಸಿನಲ್ಲಿರಲಿ.

ಐದನೇ ದಿನ: ಐಬ್ರಾಕ್ಸ್, ಲ್ಯಾಂಗ್‌ಸೈಡ್

ಬುಕ್ಯಾನನ್ ಸ್ಟ್ರೀಟ್‌ನಲ್ಲಿ ಸಬ್‌ವೇ ಹತ್ತಿ ಐಬ್ರಾಕ್ಸ್‌ನಲ್ಲಿ ಇಳಿಯಿರಿ. ಇದೂ ವರ್ತುಲ ಮಾರ್ಗ. ತಪ್ಪು ದಿಕ್ಕಿನ ಗಾಡಿ ಹತ್ತಿದರೂ ಕೊನೆಗೆ ತಲುಪುತ್ತೀರಿ, ಸಮಯ ಮಾತ್ರ ಹೆಚ್ಚು. ಎಡ್ಮಿಸ್ಟನ್ ಡ್ರೈವ್ ರಸ್ತೆಗೆ ಮುಖಮಾಡಿರುವ ಕೆಂಪಿಟ್ಟಿಗೆಯ ಮುಖ್ಯ ಸ್ಟ್ಯಾಂಡ್ 1929ರ ಹೊಸ ವರ್ಷದ ದಿನ ತೆರೆದದ್ದು, ಲೀಚ್ ರೂಪಿಸಿದ್ದು. ಜಾನ್ ಕಣ್ಣಿಗೆ ಬಿದ್ದ ಐಬ್ರಾಕ್ಸ್‌ನಲ್ಲಿ ಇವತ್ತಿಗೂ ಉಳಿದಿರುವುದು ಮುಖ್ಯವಾಗಿ ಇದೇ. ಉಳಿದ ಮೂರು ಬದಿಗಳಲ್ಲಿ ಆಗ ಮೆಟ್ಟಿಲು ದಿಬ್ಬಗಳಿದ್ದವು, ಜನ ನಿಂತೇ ನೋಡುತ್ತಿದ್ದರು.

1931ರ ಸೆಪ್ಟೆಂಬರ್ 5, ಶನಿವಾರ. ಸುಮಾರು 80,000 ಜನ. ಮೊದಲರ್ಧ ಗೋಲಿಲ್ಲದೆ ಮುಗಿಯಿತು. ದ್ವಿತೀಯಾರ್ಧದ ಐದನೇ ನಿಮಿಷದಲ್ಲಿ ರೇಂಜರ್ಸ್‌ನ ಸ್ಯಾಮ್ ಇಂಗ್ಲಿಷ್ ಚೆಂಡಿನೊಂದಿಗೆ ನುಗ್ಗಿದ. ಉತ್ತರ ಐರ್ಲೆಂಡಿನ ಹುಡುಗ, ವಯಸ್ಸು 23, ಕ್ಲಬ್ಬಿಗೆ ಹೊಸಬ. ಜಾನ್ ಲೈನ್ ಬಿಟ್ಟು ಬಂದ, ಸ್ಯಾಮ್ ಕಾಲೆತ್ತಿದ ಕ್ಷಣದಲ್ಲೇ ಕಾಲ ಬುಡಕ್ಕೆ ಹಾರಿದ. ಚೆಂಡು ಗೋಲಿನಿಂದಾಚೆ ಹೋಯಿತು. ಜಾನ್ ತಲೆಯ ಬಲಗಡೆಗೆ ಸ್ಯಾಮ್ ಮೊಣಕಾಲು ಬಡಿದಿತ್ತು.

ಈ ಘಟನೆಯನ್ನು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ. ಪೆಟ್ಟಿಗೆ ಕಾರಣ ಧೈರ್ಯದ ಅತಿರೇಕ ಎನ್ನುವುದು ಸರಿಯಲ್ಲ. ಚೆಂಡಿನ ಕಡೆ ನೇರವಾಗಿ, ಕೈ ಚಾಚಿ ಹಾರಿದಾಗ ತಲೆ ಭುಜಗಳಿಗಿಂತ ಮುಂದಿರುತ್ತದೆ. ಓಡುವವನ ಮೊಣಕಾಲು ಆಗ ಅದೇ ಎತ್ತರದಲ್ಲಿರುತ್ತದೆ. ಇಬ್ಬರ ವೇಗವೂ ಕೂಡಿ ಒಂದೇ ಬಿಂದುವಿಗೆ ಬೀಳುತ್ತದೆ. ಇವತ್ತು ಗೋಲಿಗಳಿಗೆ ಕಲಿಸುವ ಕ್ರಮ ಬೇರೆ: ಮೈಯನ್ನು ಅಡ್ಡಲಾಗಿ ಮಲಗಿಸಿ ಉದ್ದನೆಯ ಗೋಡೆ ಮಾಡು, ಕೈ ಮೊದಲು ಹೋಗಲಿ, ಮುಖ ತೋಳಿನ ಹಿಂದಿರಲಿ, ಮೇಲಿನ ಮೊಣಕಾಲು ಮಡಚಿರಲಿ. ಇಷ್ಟಾದರೂ ಅಪಾಯ ತೀರಿಲ್ಲ. 2006ರಲ್ಲಿ ಚೆಲ್ಸಿಯ ಪೀಟರ್ ಚೆಕ್‌ಗೆ ಎದುರಾಳಿಯ ಮೊಣಕಾಲು ಬಡಿದು ತಲೆಬುರುಡೆ ಒಡೆಯಿತು. ಶಸ್ತ್ರಚಿಕಿತ್ಸೆಯಿಂದ ಉಳಿದ ಅವನು ಮುಂದೆ ಸದಾ ತಲೆಕಾಪು ಧರಿಸಿಯೇ ಆಡಿದ.

ಮೊದಲು ಅನಾಹುತದ ಆಳ ಅರಿತವನು ಸ್ಯಾಮ್. ತಾನೇ ಕುಂಟುತ್ತಿದ್ದರೂ ನೆರವಿಗೆ ಕೈ ಬೀಸಿದ. ರೇಂಜರ್ಸ್ ಬೆಂಬಲಿಗರ ಕಡೆಯಿಂದ ಕೂಗಾಟ ಎದ್ದಾಗ ಮೀಕಲ್‌ಜಾನ್ ಅತ್ತ ಹೋಗಿ ಕೈಯೆತ್ತಿ ಸುಮ್ಮನಾಗಿಸಿದ. ಜಾನ್ ಮದುವೆಯಾಗಬೇಕಿದ್ದ ಮಾರ್ಗರೆಟ್ ಫಿನ್ಲೆ ಸ್ಟ್ಯಾಂಡಿನಲ್ಲಿದ್ದಳು. ಬದಲಿ ಆಟಗಾರನಿಲ್ಲದ ಕಾಲ. ಚಿಕ್ ಗೀಟನ್ಸ್ ಗೋಲಿನಲ್ಲಿ ನಿಂತ, ಸೆಲ್ಟಿಕ್ ಹತ್ತೇ ಜನರಲ್ಲಿ ಆಟ ಮುಗಿಸಿತು. ಪಂದ್ಯ 0-0.

ಅವನನ್ನು ಕರೆದೊಯ್ದದ್ದು ಲ್ಯಾಂಗ್‌ಸೈಡ್‌ನ ವಿಕ್ಟೋರಿಯಾ ಇನ್‌ಫರ್ಮರಿಗೆ. ಐಬ್ರಾಕ್ಸ್‌ನಿಂದ ಆಗ್ನೇಯಕ್ಕೆ ಹೋಗಬೇಕು, ಬಸ್ಸಿನಲ್ಲಿ ಹೋದರೆ ನಗರದ ಏರಿಳಿತವೆಲ್ಲ ಕಾಣುತ್ತದೆ. ತಲೆಬುರುಡೆ ಎರಡಂಗುಲ ಅಗಲಕ್ಕೆ ಒಳಗೆ ಕುಸಿದಿತ್ತು, ಕಪಾಲದ ಬಲಗಡೆಯ ರಕ್ತನಾಳ ಹರಿದಿತ್ತು. ಒಳಗೆ ಒಸರಿದ ರಕ್ತ ಮಿದುಳನ್ನು ಒತ್ತುತ್ತದೆ; ಸಂಜೆ ಐದಕ್ಕೆ ಅವನಿಗೆ ಸೆಳೆತ ಬಂತು. ಒತ್ತಡ ಇಳಿಸಲು ಶಸ್ತ್ರಚಿಕಿತ್ಸೆ ಮಾಡಿದರು. ರಕ್ತ ಎಲ್ಲಿ ಎಷ್ಟು ಕಟ್ಟಿದೆ ಎಂದು ಒಳಗೆ ನೋಡಿ ಹೇಳುವ ಸಿ.ಟಿ. ಸ್ಕ್ಯಾನ್ ಬರಲು ಇನ್ನೂ ನಲವತ್ತು ವರ್ಷ ಬೇಕಿತ್ತು. ಫೈಫ್‌ನಿಂದ ತಂದೆ ತಾಯಿ ಬಂದು ಮುಟ್ಟಿದರು. ರಾತ್ರಿ 9.25ಕ್ಕೆ ಜಾನ್ ತೀರಿಕೊಂಡ.

ಆಸ್ಪತ್ರೆ 2015ರಲ್ಲಿ ಮುಚ್ಚಿತು, ಆ ಜಾಗ ಈಗ ವಸತಿಗೆ ಹೋಗಿದೆ. ಎದುರಿಗೆ ಕ್ವೀನ್ಸ್ ಪಾರ್ಕ್ ಇದೆ. ಅಲ್ಲಿಯ ಬೆಂಚಿನ ಮೇಲೆ ಕೂತು ಸ್ಯಾಮ್ ಬಗ್ಗೆಯೂ ಯೋಚಿಸಬೇಕು. ವಿಚಾರಣೆ ನಡೆದು ಇದು ಅಪಘಾತ ಎಂದು ತೀರ್ಮಾನವಾಯಿತು. ಆ ಋತುವಿನಲ್ಲಿ ಅವನು ಲೀಗ್‌ನಲ್ಲಿ 44 ಗೋಲು ಹೊಡೆದ, ರೇಂಜರ್ಸ್‌ನ ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಆದರೂ ಎದುರಾಳಿ ಜನಸ್ತೋಮ ಅವನನ್ನು ಬಿಡಲಿಲ್ಲ. 1933ರಲ್ಲಿ ಲಿವರ್‌ಪೂಲ್‌ಗೆ ಹೋದ, ಅಲ್ಲಿಗೂ ಆ ಕೂಗು ಹಿಂಬಾಲಿಸಿತು. 1938ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ಆಟವನ್ನೇ ಬಿಟ್ಟ. ಆ ಸಂಜೆ ಎರಡು ಬದುಕುಗಳು ಮುರಿದವು. ಹೆಚ್ಚಿನವರು ನೆನೆಯುವುದು ಒಂದನ್ನು ಮಾತ್ರ ಎಂಬುದು ನೋವಿನ ಸಂಗತಿ.

ಆರನೇ ದಿನ: ಕ್ವೀನ್ ಸ್ಟ್ರೀಟ್, ಬೋಹಿಲ್ ಸ್ಮಶಾನ

ಗ್ಲಾಸ್ಗೋದ ಟ್ರಿನಿಟಿ ಚರ್ಚಿನಲ್ಲಿ ನಡೆದ ಪ್ರಾರ್ಥನೆಯಲ್ಲಿ ಬೈಬಲ್ ಪಾಠ ಓದಿದ್ದು ಮೀಕಲ್‌ಜಾನ್. ಪೆನಾಲ್ಟಿ ಹೊಡೆದವನು, ಕೈಯೆತ್ತಿ ಜನರನ್ನು ಸುಮ್ಮನಾಗಿಸಿದವನು. ಕ್ಯಾಥೊಲಿಕ್ ಕ್ಲಬ್ಬಿನ ಪ್ರಾಟೆಸ್ಟಂಟ್ ಗೋಲಿಗಾಗಿ ರೇಂಜರ್ಸ್ ನಾಯಕ ಓದಿದ ಆ ಗಳಿಗೆಯಲ್ಲಿ ಬಣಗಳ ಗೆರೆ ಅಳಿಸಿತ್ತು.

ಸೆಪ್ಟೆಂಬರ್ 9, ಬುಧವಾರ, ಕ್ವೀನ್ ಸ್ಟ್ರೀಟ್ ನಿಲ್ದಾಣದಲ್ಲಿ 20,000 ಜನ ಸೇರಿದ್ದರು. ಎರಡು ರೈಲುಗಳಲ್ಲಿ ಹೊರಟವರು ಸುಮಾರು 2,000. ಟಿಕೆಟಿಗೆ ದುಡ್ಡಿಲ್ಲದವರು ನಡೆದರು. ಗ್ಲಾಸ್ಗೋದಿಂದ ಕಾರ್ಡನ್‌ಡೆನ್‌ಗೆ 55 ಮೈಲಿ, 88 ಕಿಲೋಮೀಟರು. ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಎಡೆಬಿಡದೆ ನಡೆದರೂ 22 ತಾಸು ಬೇಕು. ಹೀಗೆ ಹೊರಟವರಲ್ಲಿ ಹೆಚ್ಚಿನವರು ಕೆಲಸ ಕಳೆದುಕೊಂಡವರು. ಆಕ್ಟರ್‌ಡೆರನ್ ಹಿಂದಿನ ಗುಡ್ಡದಲ್ಲಿ, ಬಯಲಿನಲ್ಲೇ ರಾತ್ರಿ ಕಳೆದರು.

ಈಗ ಕ್ವೀನ್ ಸ್ಟ್ರೀಟ್‌ನಿಂದ ಎಡಿನ್‌ಬರೋ ಕಡೆಯ ರೈಲು ಹತ್ತಿ, ವೇವರ್ಲಿವರೆಗೆ ಹೋಗದೆ ಹೇಮಾರ್ಕೆಟ್‌ನಲ್ಲೇ ಇಳಿದು ಫೈಫ್ ಗಾಡಿ ಹಿಡಿಯುವುದು ಜಾಣತನ. ಕಾರ್ಡನ್‌ಡೆನ್‌ನಲ್ಲಿ ಹೂವು ಸಿಗುತ್ತದೆಂದು ನಂಬಿಕೊಳ್ಳದೆ ಹೇಮಾರ್ಕೆಟ್ ಆಸುಪಾಸಿನಲ್ಲೇ ಕೊಂಡುಕೊಳ್ಳಿ.

ಮನೆಯಿಂದ ಬೋಹಿಲ್ ಸ್ಮಶಾನಕ್ಕೆ ಸುಮಾರು ಒಂದು ಮೈಲಿ. ಆ ಒಂದು ಮೈಲಿಯನ್ನು ಸೆಲ್ಟಿಕ್ ಆಟಗಾರರು ಶವಪೆಟ್ಟಿಗೆ ಹೊತ್ತು ನಡೆದರು. ಅಂದು ಈ ಪುಟ್ಟ ಊರಿನಲ್ಲಿ ನೆರೆದವರು 30,000ಕ್ಕೂ ಹೆಚ್ಚು. ಇವತ್ತು ನೀವು ನಡೆಯುವಾಗ ಬೀದಿ ಬಹುಶಃ ಖಾಲಿಯಿರುತ್ತದೆ. ಸಮಾಧಿ ಹುಡುಕುವುದು ಕಷ್ಟವಲ್ಲ. ಸುತ್ತಲ ಕಲ್ಲುಗಳ ನಡುವೆ ಹಸಿರು ಬಿಳಿ ಸ್ಕಾರ್ಫ್ ಕಂಡಲ್ಲಿಗೆ ಹೋಗಿ. ಬಿಟ್ಟುಹೋದ ಹೃದಯಗಳಲ್ಲಿ ಬದುಕಿರುವವರು ಎಂದೂ ಸಾಯರು ಎಂಬ ಅರ್ಥದ ಸಾಲು ಕಲ್ಲಿನ ಮೇಲಿದೆ. ಊರಿನ ಸ್ಮಾರಕ ಸಮಿತಿ ಅವನ ಹೆಸರಿನಲ್ಲಿ ಶಾಲಾ ಮಕ್ಕಳ ಫುಟ್‌ಬಾಲ್ ಪಂದ್ಯಾವಳಿ ನಡೆಸಿಕೊಂಡು ಬಂದಿದೆ.

ಇನ್ನೊಂದು ತಾರೀಖನ್ನು ಇಲ್ಲಿ ನೆನೆಯಬೇಕು. ಜಾನ್ ಮಣ್ಣಾಗಿ ಎರಡು ತಿಂಗಳೂ ತುಂಬಿರಲಿಲ್ಲ. 1931ರ ಅಕ್ಟೋಬರ್ 31ರಂದು, ಅವನು ಕ್ಲಿಪ್ ಬಿಡಿಸುತ್ತಿದ್ದ ಅದೇ ಬೋಹಿಲ್ ಗಣಿಯಲ್ಲಿ ಸ್ಫೋಟವಾಗಿ ಹತ್ತು ಜನ ಸತ್ತರು. ತಂದ ಹೂವಿನಲ್ಲಿ ಒಂದಷ್ಟನ್ನು ಅವರಿಗೆಂದು ಉಳಿಸಿಕೊಳ್ಳಿ. ಗಣಿಯಿದ್ದ ಕಡೆಗೆ ಇಲ್ಲಿಂದ ಸ್ವಲ್ಪವೇ ದೂರ.